ಐದನೆಯ ಪ್ರಯೋಗ

ನನ್ನ ದಿನಚರಿಯನ್ನು ಎರಡು ಕಡೆಯಿಂದಲೂ ಓದಬಹುದು. ಮುಂದಿನಿಂದ ತೆರೆದರೆ ಎದ್ದ ಹೊತ್ತು, ಮಾಡಿದ ಕೆಲಸ, ಬಂದ ಕಾಗದ, ಅಮ್ಮನ ಮಂಡಿನೋವು. ಹಿಂದಿನಿಂದ ತೆರೆದರೆ ಅವರು. ಹೆಸರು ಅಲ್ಲಿ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಗೀಟು ಹಾಕಿ ಮಾಡಿದ ನಾಲ್ಕು ಕಾಲಮುಗಳಿವೆ: ತಾರೀಖು, ಯಾರೊಡನೆ, ಎಷ್ಟು ನಿಮಿಷ, ಪೆನ್ನು ಹೊರಗೆ ಬಂತೋ ಇಲ್ಲವೋ. ಹನ್ನೊಂದು ತಿಂಗಳಲ್ಲಿ ಎಪ್ಪತ್ತೊಂದು ನಮೂದು. ಎಪ್ಪತ್ತೊಂದರಲ್ಲಿ ಒಂದೂ ನನ್ನದಲ್ಲ.

ಕಳೆದ ವಾರ ನಮ್ಮ ನಿಘಂಟಿನ ಮೂರನೆಯ ಸಂಪುಟ ಅಚ್ಚಾಗಿ ಬಂತು. ಮುನ್ನುಡಿಯ ಕೊನೆಯಲ್ಲಿ ನೆರವಾದವರ ಪಟ್ಟಿಯಿದೆ. ರಟ್ಟು ಕಟ್ಟಿದವರ ಹೆಸರೂ ಇದೆ. ಅವರ ಹೆಸರಿಲ್ಲ. ಅದಕ್ಕೆ ಈ ಬರಹ.

ಕನ್ನಡ ನಾಡೆಲ್ಲ ಒಂದಾಗಿ ರಾಜ್ಯ ದೊಡ್ಡದಾದ ಮರುವರ್ಷ ನಾನು ಬಿ.ಎ. ಮುಗಿಸಿ ಆ ಕಚೇರಿಗೆ ಸೇರಿದೆ. ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಕೊಡುವ ನಿಘಂಟು ತಯಾರಾಗುತ್ತಿದ್ದ ಜಾಗ ಅದು. ಲಕ್ಷ್ಮೀಪುರಂನಲ್ಲಿ ಬಾಡಿಗೆಗೆ ಹಿಡಿದ ಒಂದು ಮಹಡಿ. ನಾವು ಐದು ಜನ: ಎಲ್ಲರೂ ಪ್ರೊಫೆಸರು ಎಂದು ಕರೆಯುತ್ತಿದ್ದ ವಯಸ್ಸಾದ ಸಂಪಾದಕರು, ಹೆಡ್ ಗುಮಾಸ್ತರು, ಒಬ್ಬ ಸಂಸ್ಕೃತ ಪಂಡಿತರು, ಅವರು, ನಾನು. ಕೆಲಸವೆಲ್ಲ ಚೀಟಿಗಳ ಮೇಲೆ. ಒಂದು ಪದಕ್ಕೆ ಒಂದು ಚೀಟಿ. ಮೇಲೆ ಪದ, ಕೆಳಗೆ ಅರ್ಥ, ಅದರ ಕೆಳಗೆ ಆ ಪದವನ್ನು ಜನ ನಿಜವಾಗಿ ಬಳಸಿದ ಐದು ವಾಕ್ಯ. ಅದನ್ನು ಪ್ರಯೋಗ ಎನ್ನುತ್ತಿದ್ದೆವು. ಪುಸ್ತಕದ್ದಾದರೆ ಪುಟ, ಪತ್ರಿಕೆಯದ್ದಾದರೆ ತಾರೀಖು, ಕಿವಿಯಿಂದ ಕೇಳಿದ್ದಾದರೆ 'ಕೇಳಿದ್ದು' ಎಂದು ಬರೆದು ಯಾರಿಂದ, ಯಾವತ್ತು ಎಂಬುದನ್ನು ನಮೂದಿಸಬೇಕು. ಐದು ಪ್ರಯೋಗ ತುಂಬದ ಚೀಟಿ ಅಚ್ಚಿಗೆ ಹೋಗುವಂತಿಲ್ಲ. ಪ್ರೊಫೆಸರು ಹಾಕಿದ ನಿಯಮ. ಅದರಿಂದ ಪ್ರೊಫೆಸರಿಗೂ ವಿನಾಯಿತಿ ಇರಲಿಲ್ಲ. ಬರೆದ ಚೀಟಿ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಹೇಳುವುದೇನಾದರೂ ಇದ್ದರೆ ಚೀಟಿಯ ಬೆನ್ನಿಗೆ ಬರೆದು ಸಹಿ ಹಾಕಬೇಕು.

ಅವರಿಗೆ ಆಗ ಮೂವತ್ತೆಂಟೋ ಮೂವತ್ತೊಂಬತ್ತೋ. ಹೆಂಡತಿ ತೀರಿಕೊಂಡಿದ್ದರಂತೆ. ಕಂದು ಕೋಟು, ಎದೆಯ ಜೇಬಿನಲ್ಲಿ ಖಾಲಿ ಚೀಟಿಗಳ ಕಟ್ಟು, ಅದರ ಪಕ್ಕ ಒಂದು ಹಸಿರು ಪೆನ್ನು. ಚೆಲುವರೇನಲ್ಲ, ನಾನು ಅನೇಕ ಸಲ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಆದರೆ ಅವರ ಬಲಗಿವಿ ಮಂದ. ಹಾಗಾಗಿ ಮಾತಾಡುವವರ ಕಡೆಗೆ ಎಡಗೆನ್ನೆಯನ್ನು ತಂದು, ಬಾಗಿ, ಕಣ್ಣು ಅರೆಮುಚ್ಚಿ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವ ಗಂಡಸನ್ನು ನಮ್ಮ ಬೀದಿಯ ಹೆಂಗಸರು ಅದುವರೆಗೆ ಕಂಡಿರಲಿಲ್ಲ. ನನ್ನ ಕಡೆಗೆ ಮಾತ್ರ ಅವರು ಬಾಗಲಿಲ್ಲ. ನನ್ನ ಮಾತು ಗಟ್ಟಿ, ಸ್ಪಷ್ಟ. ಹೈಸ್ಕೂಲಿನಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಆ ಬಹುಮಾನದಿಂದ ನನಗಾದ ನಷ್ಟ ಇಷ್ಟು.

ಅವರ ಪಾಲಿಗೆ ಬಂದದ್ದು ಮನೆವಾರ್ತೆಯ ಪದಗಳು. ಅಡಿಗೆ, ಹಿತ್ತಲು, ದನಕರು, ಬಾಣಂತನ. ಅಂಥ ಪದ ಬಂದರೆ ಪಂಡಿತರು ತಕ್ಷಣ ಒಂದು ಸಂಸ್ಕೃತ ಸಮಾಸ ಕಟ್ಟಿಕೊಡುತ್ತಿದ್ದರು. ಇವರು ಅದನ್ನು ಗೌರವದಿಂದ ಕೇಳಿ, "ಇದನ್ನ ನಿಮ್ಮ ಮನೆಯವರ ಮುಂದೆ ಒಂದ್ಸಲ ಹೇಳಿ ನೋಡಿ ಪಂಡಿತರೇ. ಅವರಿಗೆ ತಿಳಿದರೆ ಹಾಕೋಣ" ಎನ್ನುತ್ತಿದ್ದರು. ಪಂಡಿತರು ಹೇಳಿ ನೋಡುತ್ತಿದ್ದರೋ ಇಲ್ಲವೋ, ಮಾರನೆಯ ದಿನ ಆ ಮಾತೆತ್ತುತ್ತಿರಲಿಲ್ಲ.

ನನ್ನ ಮೇಜು ಕಿಟಕಿಯ ಪಕ್ಕ. ಕೆಳಗೆ ಜಗಲಿಯ ಮೇಲೆ ಹೂ ಮಾರುವ ನಿಂಗಮ್ಮ ಕೂರುತ್ತಿದ್ದಳು. ಎದುರಿಗೆ, ತಗ್ಗು ಗೋಡೆಯಾಚೆ, ಒಬ್ಬ ನಿವೃತ್ತ ಅಮಲ್ದಾರರ ಮನೆಯ ಹಿತ್ತಲು. ಬೀದಿಯ ತಿರುವಿನಲ್ಲಿ, ಗಂಡ ತೀರಿಕೊಂಡ ಒಬ್ಬ ಸ್ಕೂಲು ಮೇಡಮ್ಮಿನ ಮನೆಯ ಗೇಟು. ಮೂರೂವರೆಗೆ ಕಾಫಿಯ ಬಿಡುವು. ಅವರು ಕಾಫಿ ಕುಡಿಯುತ್ತಿರಲಿಲ್ಲ. ಇಳಿದು ಹೋಗಿ ನಿಂಗಮ್ಮನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು.

"ಅವ್ವ, ಈ ಮೊಗ್ಗು ಪೂರ್ತಿ ಅರಳಿಲ್ಲ, ಮುಚ್ಕೊಂಡೂ ಇಲ್ಲ. ಇದಕ್ಕೇನಂತೀರಿ?"

"ಅರೆಬಿರಿದದ್ದು ಅಂತೀವಿ. ಯಾಕೆ, ನಿಮ್ಗೆ ಬೇರೆ ಕ್ಯಾಮೆ ಇಲ್ವಾ ಸಾಮಿ?"

"ಇದೇ ಕಣವ್ವ ನಮ್ಮ ಕ್ಯಾಮೆ."

"ಇದ್ಕೆ ಸಂಬ್ಳನೂ ಕೊಟ್ಟಾರಾ?"

ಅವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಪೆನ್ನು ಹೊರಗೆ ಬರುತ್ತಿತ್ತು. ಒಂದು ಪದ ಕೇಳಲು ಐದು ನಿಮಿಷ ಸಾಕು. ನಿಂಗಮ್ಮನೊಡನೆ ಸರಾಸರಿ ಹದಿನೆಂಟು ನಿಮಿಷ. ಇಪ್ಪತ್ತೆರಡು ಸಲ.

ಎಲ್ಲ ಹೆಂಗಸರೂ ಅವರಿಗೆ ಅವ್ವ, ಅಕ್ಕ, ಅಕ್ಕಯ್ಯ. ನಾನು ಮಿಸ್.

ಅಮಲ್ದಾರರ ಸೊಸೆ ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬೇಕು. ಹಳ್ಳಿಯ ಗೌಡರ ಮನೆಯ ಹುಡುಗಿ. ಮದುವೆಯಾಗಿ ಲಕ್ಷ್ಮೀಪುರಂಗೆ ಬಂದಿದ್ದಳು. ಮಧ್ಯಾಹ್ನ ಹಿತ್ತಲಲ್ಲಿ ಮೊರ ಹಿಡಿದು ಕೂರುತ್ತಿದ್ದಳು. ಒಂದು ದಿನ ಗೋಡೆಯ ಈಚೆ ನಿಂತು ಇವರು ಕೇಳಿದ್ದು ನನ್ನ ಕಿಟಕಿಗೆ ಚೆನ್ನಾಗಿ ಕೇಳಿಸಿತು.

"ಅಕ್ಕ, ಈಗ ಮಾಡಿದ್ರಲ್ಲ, ಅದು ಕೇರೋದಾ?"

"ಅಯ್ಯೋ, ಅಲ್ಲ. ಇದು ಒನೆಯೋದು. ಕೇರೋದು ಇಂಗೆ, ಮೇಲಕ್ಕೆ. ಒನೆಯೋದು ಅಂಗೆ, ಪಕ್ಕಕ್ಕೆ. ಗಾಳಿಗೆ ಬುಟ್ರೆ ತೂರೋದು. ನಿಮ್ಮ ಆಪೀಸಲ್ಲಿ ಯಾರ್ಗೂ ಗೊತ್ತಿಲ್ವಾ?"

"ಐದು ಜನ ಇದೀವಿ. ಒಬ್ರಿಗೂ ಗೊತ್ತಿಲ್ಲ."

ಅವಳು ಮೊರವನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ಐದು ಜನದಲ್ಲಿ ನಾನೂ ಒಬ್ಬಳು. ಅಂದು ಇಪ್ಪತ್ತಾರು ನಿಮಿಷ.

ಸರಿ, ನಾನೂ ಒಂದು ಪದ ಕೊಡುವೆನೆಂದು ಹೊರಟೆ. ಉರಿ ಆರಿದ ಮೇಲೆ ಬೂದಿಯೊಳಗೆ ಉಳಿಯುವ ಕೆಂಡಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ. ಆ ಚೀಟಿ ಅವರ ಮೇಜಿನ ಮೇಲೆ ವಾರದಿಂದ ಖಾಲಿ ಇತ್ತು. ಎರಡು ಸಂಜೆ ಲೈಬ್ರರಿಯಲ್ಲಿ ಕೂತು ಹುಡುಕಿ, "ಅಂಗಾರಶೇಷ" ಎಂದು ಹೇಳಿದೆ.

"ಚೆನ್ನಾಗಿದೆ ಮಿಸ್. ಪುಸ್ತಕದಲ್ಲಿ ಸಿಕ್ತಾ?"

"ಹೂಂ."

"ನಿಮ್ಮ ಮನೇಲಿ ಏನಂತಾರೆ?"

"ನಮ್ಮ ಮನೇಲಿ ಸೀಮೆಎಣ್ಣೆ ಸ್ಟವ್."

ಪೆನ್ನು ಜೇಬಿನಲ್ಲೇ ಉಳಿಯಿತು. ಅವರು ಬೇಸರದಿಂದಲ್ಲ, ನನಗೆ ಕಲಿಸುವವರಂತೆ ಹೇಳಿದರು: "ಪದ ಕೇಳ್ಬಾರ್ದು ಮಿಸ್. ಅವರು ಕೆಲಸ ಮಾಡ್ತಿರೋವಾಗ ಹತ್ರ ಕೂತಿರ್ಬೇಕು. ಅದು ತಾನೇ ಕೆಳಕ್ಕೆ ಬೀಳುತ್ತೆ." ಈ ಮಾತುಕತೆಯನ್ನು ನಾನು ಕೋಷ್ಟಕಕ್ಕೆ ಸೇರಿಸಲಿಲ್ಲ. ಐದು ನಿಮಿಷಕ್ಕೆ ಕಡಮೆಯದ್ದನ್ನು ಸೇರಿಸಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ಇದು ಒಂದು ನಿಮಿಷವೂ ಇರಲಿಲ್ಲ.

ಇನ್ನೊಂದು ದಿನ ಹಾಲು ಕರೆದುಕೊಡುವ ಹೆಂಗಸು ಹೊಸದಾಗಿ ಕರು ಹಾಕಿದ ಹಸುವಿನ ಗಿಣ್ಣು ಮಾಡಿ ತಂದುಕೊಟ್ಟಳು. ಅವರು ಅದನ್ನು ಐದು ಪಾಲು ಮಾಡಿ ಎಲೆಯಲ್ಲಿಟ್ಟು, ನನ್ನ ಮೇಜಿಗೂ ಒಂದು ತಂದರು. "ಇದು ಪದ ಅಲ್ಲ ಮಿಸ್. ತಿನ್ನಿ." ತಿಂದೆ. ಬಹಳ ರುಚಿಯಾಗಿತ್ತು. ಇನ್ನೊಬ್ಬಳು ಅವರಿಗೆಂದು ಮಾಡಿ ತಂದದ್ದು ಎಂಬುದು ನುಂಗುವಾಗಲೂ ಮರೆಯಲಿಲ್ಲ.

ನನಗೆ ಏನು ಬೇಕಾಗಿತ್ತು ಎಂದು ಯಾರಾದರೂ ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಆ ಹಸಿರು ಪೆನ್ನು ನನಗಾಗಿ ಒಂದು ಸಲ ಹೊರಗೆ ಬರಬೇಕಾಗಿತ್ತು.

ಒಂದು ಮಧ್ಯಾಹ್ನ ಹೆಡ್ ಗುಮಾಸ್ತರು ಕಿಟಕಿಯ ಹತ್ತಿರ ಬಂದು, ನನ್ನ ಹೆಗಲ ಮೇಲಿಂದ ಕೆಳಗೆ ನೋಡಿದರು. ಇವರು ನಿಂಗಮ್ಮನ ಮುಂದೆ ಬಾಗಿ ಕೂತಿದ್ದರು.

"ನೋಡಮ್ಮ, ಆಸಾಮಿ ಒಬ್ಬ ಫಿಲ್ಯಾಂಡರರ್ ಕಣಮ್ಮ. ಪಕ್ಕಾ."

ಆ ಪದವನ್ನು ನಾನು ಅದುವರೆಗೆ ಓದಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ. ಹೆಂಗಸರ ಸುತ್ತ ಸುಳಿದಾಡಿ, ಒಲಿಸಿಕೊಂಡು, ಕೈಬಿಟ್ಟು ಮುಂದಕ್ಕೆ ಹೋಗುವವನು ಎಂದರ್ಥ. ನಮ್ಮ ತಾತಂದಿರ ಕಾಲದ ಇಂಗ್ಲಿಷು. ಗುಮಾಸ್ತರು ಇದನ್ನೇ ಕನ್ನಡದಲ್ಲಿ ಹೇಳಿದ್ದರೆ ನಾನು ಮುಖ ತಿರುಗಿಸಬೇಕಾಗುತ್ತಿತ್ತು. ಕನ್ನಡದಲ್ಲಿ ಅದು ಬೈಗುಳ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಮರ್ಯಾದಸ್ಥರ ಅಭಿಪ್ರಾಯವಾಯಿತು. ನಾನು ತಲೆಯಾಡಿಸಿದೆ. ತಾರೀಖು ಬರೆದುಕೊಂಡೆ.

ಎರಡು ತಿಂಗಳಾದ ಮೇಲೆ ಅಕ್ಷರಕ್ರಮದಲ್ಲಿ ಆ ಪದದ ಸರದಿ ಬಂತು. ಚೀಟಿ ನನ್ನ ಪಾಲಿಗೇ ಬಿತ್ತು.

ಅಷ್ಟು ಶ್ರದ್ಧೆಯಿಂದ ನಾನು ಬೇರಾವ ಚೀಟಿಯನ್ನೂ ಬರೆದಿಲ್ಲ. ಕನ್ನಡದಲ್ಲಿ ಸಮನಾದ ಪದ ಸಿಗಲಿಲ್ಲ. ವಿಟ ಎಂದರೆ ನಾಟಕದವನು, ಲಂಪಟ ಎಂದರೆ ಕೈಯಲ್ಲಿ ಕಲ್ಲೆತ್ತಿಕೊಂಡು ಆಡುವ ಮಾತು. ಆ ಇಂಗ್ಲಿಷ್ ಪದದಲ್ಲಿ ಅಷ್ಟು ಸಿಟ್ಟಿಲ್ಲ. ನಾಲ್ಕು ಪ್ರಯೋಗ ಸಿಕ್ಕವು. ಹಳೆಯ ಪತ್ರಿಕೆಯೊಂದರಲ್ಲಿ ನೆರೆಮನೆಯಾತ ನಿವೃತ್ತ ಸೇನಾಧಿಕಾರಿಯೊಬ್ಬನನ್ನು ಹಾಗೆ ಕರೆದಿದ್ದ. ಒಂದು ಕಾದಂಬರಿಯಲ್ಲಿ ಸೋದರತ್ತೆ ಹುಡುಗಿಗೆ ಎಚ್ಚರಿಕೆ ಹೇಳುತ್ತಾಳೆ. ಒಂದು ಪ್ರವಾಸದ ಪುಸ್ತಕ, ಒಂದು ಕೋರ್ಟಿನ ವರದಿ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕೆಲವು ಸಂಗತಿ ಕಂಡವು. ಯಾರೂ ಅದನ್ನು ತಮಗೆ ತಾವೇ ಹೇಳಿಕೊಳ್ಳುವುದಿಲ್ಲ, ಎದುರಿಗೂ ಹೇಳುವುದಿಲ್ಲ. ಅದರ ಜೊತೆಗೆ 'ಎಂದು ಹೆಸರಾದ', 'ಎನ್ನುತ್ತಾರೆ' ಎಂಬಂಥ ಮಾತು ಇದ್ದೇ ಇರುತ್ತದೆ. ಅವನು ಮಾಡಿದ್ದೇನು ಎಂಬುದು ನಾಲ್ಕರಲ್ಲೂ ಇಲ್ಲ. ಯಾವ ಹೆಂಗಸನ್ನು ಕುರಿತದ್ದೋ ಅವಳ ಬಾಯಿಂದ ಒಂದು ಮಾತೂ ಇಲ್ಲ. ಇದನ್ನೆಲ್ಲ ಅರ್ಥದ ಕೆಳಗೆ ಟಿಪ್ಪಣಿಯಾಗಿ ಬರೆದೆ. ಕೊನೆಗೆ, 'ಹೇಳುವವರ ದನಿಯಲ್ಲಿ ಕೊಂಚ ಹೊಟ್ಟೆಕಿಚ್ಚು ಇರುವುದುಂಟು' ಎಂದೂ ಸೇರಿಸಿದೆ. ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದೇನೆ ಎಂದು ನನಗೇ ಹೆಮ್ಮೆಯಾಯಿತು.

ಐದನೆಯ ಪ್ರಯೋಗ ಸಿಗಲಿಲ್ಲ. ಒಂಬತ್ತು ದಿನ ಹುಡುಕಿದೆ. ಹತ್ತನೆಯ ದಿನ ಜಾಗ ತುಂಬಿದೆ: 'ಕೇಳಿದ್ದು. ನಮ್ಮ ಕಚೇರಿಯಲ್ಲಿ, ಹೆಡ್ ಗುಮಾಸ್ತರಿಂದ, ಸಹೋದ್ಯೋಗಿಯೊಬ್ಬರ ಬಗ್ಗೆ.' ಕೆಳಗೆ ತಾರೀಖು. ಚೀಟಿಯನ್ನು ಪ್ರೊಫೆಸರ ಮೇಜಿಗಿಟ್ಟೆ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು.

ಅದೇ ವಾರ ಅಮಲ್ದಾರರು ಕೋಲೂರಿಕೊಂಡು ಮಹಡಿ ಹತ್ತಿದರು. ತಮ್ಮ ಸೊಸೆಯ ಹತ್ತಿರ ಗೋಡೆಗೆ ಒರಗಿ ನಿಂತು ಹರಟುವ ನೌಕರನನ್ನು ಇಟ್ಟುಕೊಂಡಿರುವ ಇದು ಎಂಥ ಕಚೇರಿ ಎಂದು ಕೇಳಿದರು. ಅಮಲ್ದಾರರು ಇಳಿದು ಹೋದ ಮೇಲೆ ಪ್ರೊಫೆಸರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ನನ್ನ ಚೀಟಿ ಇತ್ತು.

"ಏನಮ್ಮ, ಈ ಐದನೇದು ಇವರನ್ನ ಕುರಿತೇ ತಾನೇ?"

ಹೆಡ್ ಗುಮಾಸ್ತರು ಚಾವಣಿ ನೋಡಿದರು. "ನಾನು ತಮಾಷೆಗೆ ಅಂದದ್ದು ಸಾರ್. ಈ ಹುಡುಗಿ ದಿನಾ ಬರ್ಕೋತಾಳೆ. ಅವಳ ಹತ್ರಾನೇ ಲೆಕ್ಕ ಇದೆ, ಕೇಳಿ."

ದಿನಚರಿ ನನ್ನ ಕೈಚೀಲದಲ್ಲಿತ್ತು. ಮರೆತು ಬಂದಿದ್ದೇನೆ ಎನ್ನಬಹುದಿತ್ತು. ಹೊರಗೆ ತೆಗೆದೆ.

"ಎಷ್ಟು ಸಲ ನೋಡಿದೀಯ? ಎಷ್ಟೆಷ್ಟು ಹೊತ್ತು?" ಎಂದರು ಪ್ರೊಫೆಸರು.

ನಾನು ಓದಿದೆ. ತಾರೀಖು, ಯಾರೊಡನೆ, ಎಷ್ಟು ನಿಮಿಷ. ತಾರೀಖು, ಯಾರೊಡನೆ, ಎಷ್ಟು ನಿಮಿಷ. ಎಪ್ಪತ್ತೊಂದೂ ಓದಿದೆ. ನಾಲ್ಕನೆಯ ಕಾಲಮಿನ ಮೇಲೆ ನನ್ನ ಎಡಗೈ ಇತ್ತು. ಅರುವತ್ತೆಂಟು ಕಡೆ ಅಲ್ಲಿ 'ಬಂತು' ಎಂದಿತ್ತು. ಅರುವತ್ತೆಂಟು ಪದ, ಅರುವತ್ತೆಂಟು ಚೀಟಿ, ಪಕ್ಕದ ಕೋಣೆಯ ತಗಡಿನ ಪೆಟ್ಟಿಗೆಯಲ್ಲಿ. 'ಇಲ್ಲ' ಎಂದಿದ್ದದ್ದು ಮೂರೇ ಕಡೆ. ಮೂರೂ ತಿರುವಿನ ಮನೆಯ ಸ್ಕೂಲು ಮೇಡಮ್ಮಿನ ದಿನಗಳು. ಆ ಮೂರು ದಿನ ಅವರು ಪದಕ್ಕೆಂದು ಹೋಗಿರಲಿಲ್ಲ. ಯಾಕೆ ಹೋಗಿದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ತಿಳಿಯುವ ಹಕ್ಕೂ ಇಲ್ಲ. ಆದರೂ ಆ ಗೇಟಿನ ಮುಂದೆ ಹಾದುಹೋಗುವಾಗ ನನ್ನ ನಡಿಗೆ ಈಗಲೂ ನಿಧಾನವಾಗುತ್ತದೆ.

ಅಂದು ನನ್ನ ದನಿ ಏಳಲಿಲ್ಲ. ಬೀರುವಿನ ಪಕ್ಕ ನಿಂತಿದ್ದ ಅವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಎರಡು ಹೆಜ್ಜೆ ಮುಂದೆ ಬಂದು, ಎಡಗೆನ್ನೆಯನ್ನು ನನ್ನ ಕಡೆಗೆ ತಂದು, ಬಾಗಿ, ಕಣ್ಣು ಅರೆಮುಚ್ಚಿ ಕೇಳಿದರು. ಕೊನೆಯ ನಮೂದಿನವರೆಗೂ ಹಾಗೆಯೇ ಇದ್ದರು. ಹನ್ನೊಂದು ತಿಂಗಳು ನಾನು ಕಾದಿದ್ದು ಅದಕ್ಕೆ.

"ನೀವೇನಾದ್ರೂ ಹೇಳ್ತೀರಾ?" ಎಂದು ಪ್ರೊಫೆಸರು ಕೇಳಿದರು.

"ಲೆಕ್ಕ ಸರಿಯಾಗಿದೆ ಸಾರ್" ಎಂದರು ಅವರು.

ಅವರದು ವರ್ಷ ವರ್ಷಕ್ಕೆ ಮುಂದುವರಿಸುವ ಹಂಗಾಮಿ ಕೆಲಸ. ಆ ವರ್ಷ ಮುಂದುವರಿಸಲಿಲ್ಲ, ಅಷ್ಟೆ. ಬೈಗುಳವಿಲ್ಲ, ಕಾಗದವಿಲ್ಲ. ನಂಜನಗೂಡಿನ ಒಂದು ಶಾಲೆಯಲ್ಲಿ ಮೇಷ್ಟರಾದರೆಂದು ಆಮೇಲೆ ತಿಳಿಯಿತು. ಅಮಲ್ದಾರರು ಹಿತ್ತಲ ಗೋಡೆಯನ್ನು ಮೂರಡಿ ಎತ್ತರಿಸಿದರು. ಸೊಸೆಯ ಮೊರದ ಸದ್ದು ಈಗಲೂ ಕೇಳಿಸುತ್ತದೆ. ಕೇರುತ್ತಿದ್ದಾಳೋ ಒನೆಯುತ್ತಿದ್ದಾಳೋ, ಕಾಣುವುದಿಲ್ಲ.

ಅವರ ಮೇಜು, ಪೆಟ್ಟಿಗೆ, ಕೆಲಸ ಎಲ್ಲ ನನಗೆ ಬಂದವು. ಮೂರನೆಯ ಸಂಪುಟದ ಚೀಟಿಗಳನ್ನು ಅಚ್ಚಿಗೆ ಜೋಡಿಸುವಾಗ ಆ ಪದದ ಚೀಟಿ ಕೈಗೆ ಬಂತು. ಮುಂಭಾಗ ನನಗೆ ಬಾಯಿಪಾಠ. ಚೀಟಿಯ ಬೆನ್ನು ತಿರುಗಿಸಿ ನೋಡಿದೆ. ಹಸಿರು ಪೆನ್ನಿನ ಅಕ್ಷರ. ಕೆಳಗೆ ಸಹಿ; ತಾರೀಖು ಅವರು ಕಚೇರಿಗೆ ಬಂದ ಕೊನೆಯ ದಿನದ್ದು.

'ಅರ್ಥ ಸರಿ, ಟಿಪ್ಪಣಿ ಬಹಳ ಚೆನ್ನಾಗಿದೆ. ಪ್ರಯೋಗ ನಾಲ್ಕೇ ಇವೆ. ಇನ್ನೊಂದು ಹುಡುಕಿ, ಮಿಸ್.'

ಆ ದಿನ ನಾನು ಮತ್ತೆ ಕೆಲಸ ಮಾಡಲಿಲ್ಲ. ಆಮೇಲೆ ಏಳು ತಿಂಗಳು ಹುಡುಕಿದೆ. ಸಿಗಲಿಲ್ಲ. ಐದನೆಯದನ್ನು ಹೊಡೆದುಹಾಕಿ, ಚೀಟಿಯನ್ನು ಪ್ರೊಫೆಸರ ಮುಂದಿಟ್ಟು, ಪ್ರಯೋಗ ಸಾಲದೆಂದು ಹೇಳಿದೆ. ಪ್ರೊಫೆಸರು ಎರಡೂ ಬದಿ ಓದಿದರು. "ನಿಯಮ ಅಂದ್ರೆ ನಿಯಮ. ಬಿಟ್ಟುಬಿಡಮ್ಮ" ಎಂದರು. ಸಂಪುಟದಲ್ಲಿ ಈಗ ಆ ಪದವಿಲ್ಲ. ಅದಿರಬೇಕಾದ ಕಡೆ ಒಂದರ ಹಿಂದೆ ಒಂದು ಬೇರೆ ಪದಗಳು ಬಂದಿವೆ. ನಡುವೆ ಏನೋ ಇತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನೆ ಮೂರೂವರೆಗೆ ನಿಂಗಮ್ಮ ಮೆಟ್ಟಿಲ ಬುಡದಿಂದ ಕೂಗಿದಳು. ಅವಳ ಕೈಯಲ್ಲಿ ಒಂದು ಕಾರ್ಡು, ಅದರ ಮೇಲೆ ಹಸಿರು ಪೆನ್ನಿನ ಅಕ್ಷರ.

"ಬಾರವ್ವ, ಇದೊಸಿ ಓದು. ಟಪ್ಪಾಲಿನವ್ನು ಯಾವಾಗ್ಲೂ ಓದ್ತಿದ್ದ, ಇವತ್ತು ಪುರುಸೊತ್ತಿಲ್ಲ ಅಂತ ಕೊಟ್ಬುಟ್ಟು ಒಂಟೋದ."

"ಯಾವಾಗ್ಲೂ? ಇದಕ್ಕೆ ಮುಂಚೆ ಎಷ್ಟು ಬಂದಿವೆ?"

"ಲೆಕ್ಕ ಯಾರಿಟ್ಟವ್ರೆ? ಒಂದು ಏಳೆಂಟು ಇರ್ಬೈದು."

ಏಳೆಂಟು. ಮೂರು ವರ್ಷದಿಂದ ಅವರು ಓದು ಬಾರದ ಹೂವಿನವಳಿಗೆ ಕಾಗದ ಬರೆಯುತ್ತಿದ್ದಾರೆ, ನನ್ನ ಕಿಟಕಿಯ ಕೆಳಗೇ. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಬೂದಿಯೊಳಗೆ ಇದ್ದೇ ಇತ್ತು. ಓದಿದೆ. 'ಅವ್ವ, ಬಾಡಿದ ಹೂವು ಅಂತೀರಿ, ನಲುಗಿದ ಹೂವು ಅಂತೀರಿ. ಎರಡೂ ಒಂದೇನಾ?'

ನಿಂಗಮ್ಮ ನಕ್ಕಳು. "ಇನ್ನೂ ಬುಟ್ಟಿಲ್ಲ ಅವರ ಕ್ಯಾಮೆಯ. ಎಂಗೆ ಒಂದಾಯ್ತದೆ? ಬಾಡೋದು ಬಿಸ್ಲಿಗೆ. ನಲುಗೋದು ಕೈಗೆ. ಬಾಡಿದ್ದು ನೀರು ಚಿಮುಕ್ಸಿದ್ರೆ ಒಸಿ ಏಳ್ತದೆ. ಬರಿ ಅಂಗೇ."

ಅದಕ್ಕೆ ಅಂಟಿಕೊಂಡು ಬಂದಿದ್ದ ಉತ್ತರದ ಕಾರ್ಡಿನ ಮೇಲೆ ಹಾಗೆಯೇ ಬರೆದೆ. ಕಾರ್ಡಿನಲ್ಲಿ ಎರಡು ಬೆರಳಗಲ ಜಾಗ ಉಳಿಯಿತು.

"ಇನ್ನೇನಾದ್ರೂ ಹೇಳ್ಬೇಕಾ?"

"ನಂದಾಯ್ತು. ನಿಂದೇನಾರ ಇದ್ರೆ ಬರ್ಕೊ. ಜಾಗ ಯಾಕೆ ಸುಮ್ನೆ ಹಾಳು."

ಬರೆಯಲು ಕೂತೆ. ನಿಂಗಮ್ಮ ಒಂದು ಮೊಳ ಕಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು. ಕೊನೆಗೆ ಬರೆದದ್ದು ಇಷ್ಟು: 'ಐದನೆಯದು ಸಿಗಲಿಲ್ಲ. ಪದ ಬಿಟ್ಟಿದ್ದೇವೆ. ಆ ದಿನ ನನ್ನ ಪುಸ್ತಕದಲ್ಲಿ ನಾಲ್ಕನೆಯ ಕಾಲಮು ಒಂದಿತ್ತು: ನಿಮ್ಮ ಪೆನ್ನು ಅರುವತ್ತೆಂಟು ಸಲ ಹೊರಗೆ ಬಂದಿತ್ತು. ಅದನ್ನು ನಾನು ಓದಲಿಲ್ಲ. ಮಿಸ್.'

"ಏನ್ ಬರ್ದೆ ಅಷ್ಟೊತ್ತು?"

"ಒಂದು ಪದದ ವಿಷಯ."

"ಒಂದ್ ಪದಕ್ಕೆ ಇಷ್ಟೊತ್ತಾ? ಅವರಂಗೇ ಆಗ್ಬುಟ್ಟೆ ನೀನೂ."

ತಿರುವಿನ ಅಂಚೆ ಡಬ್ಬಕ್ಕೆ ಕಾರ್ಡನ್ನು ನಾನೇ ಹಾಕಿದೆ. ಮನೆಗೆ ಬಂದು ದಿನಚರಿಯನ್ನು ಹಿಂದಿನಿಂದ ತೆರೆದೆ. ಎಪ್ಪತ್ತೆರಡು. ಯಾರೊಡನೆ ಎಂಬಲ್ಲಿ ನನ್ನ ಹೆಸರು. ನಿಮಿಷ, ಹದಿನಾಲ್ಕು. ಪೆನ್ನು ಹೊರಗೆ ಬಂತು; ಅವರದ್ದಲ್ಲ.